ಕೆಲಸ ಇಲ್ದೆ ಧಾರವಾಡಕ್ಕೆ

ನಮ್ಮ ಜಿಲ್ಲೇಲಿ ಕೆಲಸ ಗೊತ್ತಾಗೋಕ್ ಮುಂಚೇನೇ ಊರು ಬಿಡೋದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಜನ ಬೆಂಗಳೂರು ಬಸ್ ಹತ್ತಿದಾರೆ, ಕೈಲಿ ಇದ್ದಿದ್ದು ಪೀಣ್ಯದಲ್ಲೋ ದಾಸರಹಳ್ಳೀಲೋ ಇರೋ ದೂರದ ನೆಂಟರ ಒಂದು ಅಡ್ರೆಸ್ಸು, ಅಷ್ಟೇ. ಹೋಗಿ ಗಾರ್ಮೆಂಟ್ಸ್ ಸೇರಿದ್ರು, ಆಟೋ ಓಡಿಸಿದ್ರು, ಸೆಕ್ಯುರಿಟಿ ಆದ್ರು, ಕೆಲವ್ರು ಸೈಟ್ ತಗೊಂಡು ಮನೇನೂ ಕಟ್ಟಿದ್ರು. ಅವ್ರನ್ನ ಯಾರೂ ತಲೆ ಕೆಟ್ಟಿದ್ಯಾ ಅಂತ ಕೇಳ್ಲಿಲ್ಲ, ಗಟ್ಟಿಗರು ಅಂದ್ರು. ಅದೇ ನಾನು, ತಿಂಗಳಾ ತಿಂಗಳಾ ಸಂಬಳ ಬರೋ ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಿ ಇರ್ಬೇಕು ಅಂತಿದೀನಿ, ಅಲ್ಲಿ ಇನ್ನೂ ಯಾವ ಕೆಲಸಾನೂ ಗೊತ್ತಾಗಿಲ್ಲ ಅಂದಾಗ ಮನೇಲಿ ಮಾತೇ ನಿಂತೋಯ್ತು. ಬೆಂಗಳೂರು ಇಲ್ಲೇ 70 ಕಿಲೋಮೀಟರ್‌ನಲ್ಲಿರೋವಾಗ ಅದಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಹೋಗ್ತೀನಿ ಅನ್ನೋಳನ್ನ ಏನಂತ ಅರ್ಥ ಮಾಡ್ಕೊಳೋದು ಅಂತ ಅವ್ರಿಗೆ ಗೊತ್ತಾಗ್ತಿಲ್ಲ.

ಹೊಟ್ಟೆಪಾಡಿಗೆ ಅಂತ ಇಷ್ಟ ಇಲ್ದಿರೋ ಊರಿಗೆ ಹೋದ್ರೆ ನಮ್ಮ ಜನ ಒಪ್ಕೊತಾರೆ. ಇಷ್ಟ ಅನ್ನೋ ಒಂದೇ ಕಾರಣಕ್ಕೆ ಒಂದು ಊರಿಗೆ ಹೋದ್ರೆ ಒಪ್ಪಲ್ಲ. ಇದು ಸರೀನಾ ಅಂತ ನಾನು ತುಂಬಾ ದಿನದಿಂದ ಯೋಚ್ನೆ ಮಾಡ್ತಿದೀನಿ.

ನಾನು ತುಮಕೂರಲ್ಲಿ ಒಬ್ರು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತೀನಿ. ಅಂತರಸನಹಳ್ಳಿ ಮಾರ್ಕೆಟ್ಟಿನ ವ್ಯಾಪಾರಿಗಳು, ತಿಪಟೂರಿನ ಕೊಬ್ಬರಿ ಮಂಡಿಯವ್ರು, ಗುಬ್ಬಿ ಕಡೆ ಅಡಿಕೆ ತಗೊಳೋರು, ಒಂದಿಷ್ಟು ಹಾರ್ಡ್‌ವೇರ್ ಅಂಗಡಿಗಳು, ಇವ್ರ ಲೆಕ್ಕ ಬರೆಯೋದು, ಜಿಎಸ್‌ಟಿ ರಿಟರ್ನ್ ಹಾಕೋದು ನನ್ನ ಕೆಲಸ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಿನಿಂದ ನಮ್ಮ ಆಫೀಸಿನ ಕ್ಯಾಲೆಂಡರ್‌ನಲ್ಲಿ ಹಬ್ಬಗಳಿಗಿಂತ ದೊಡ್ಡದಾಗಿ ಕಾಣೋದು 11 ಮತ್ತೆ 20ನೇ ತಾರೀಕು. 11ಕ್ಕೆ ಮಾರಾಟದ ವಿವರ ಹೋಗ್ಬೇಕು, 20ಕ್ಕೆ ತೆರಿಗೆ ಕಟ್ಟಿ 3ಬಿ ಅನ್ನೋ ರಿಟರ್ನ್ ಹಾಕ್ಬೇಕು, ಒಂದಿನ ತಪ್ಪಿದ್ರೂ ಲೇಟ್ ಫೀ. ಜುಲೈ ಬಂದ್ರೆ ಇನ್‌ಕಂ ಟ್ಯಾಕ್ಸ್ ರಿಟರ್ನ್, ಅದು ಮುಗಿದು ಉಸಿರು ಬಿಡೋಷ್ಟರಲ್ಲಿ ಸೆಪ್ಟೆಂಬರ್ 30ರ ಆಡಿಟ್. ಕೆಲಸ ನಂಗೆ ಇಷ್ಟಾನೇ. ಒಬ್ಬ ವ್ಯಾಪಾರಿಯ ಒಂದು ವರ್ಷದ ಬದುಕು ಪುಸ್ತಕದಲ್ಲಿ ಪೈಸೆಗೆ ಪೈಸೆ ತಾಳೆ ಆದಾಗ ಆಗೋ ಸಮಾಧಾನ ಬೇರೆ ಎಲ್ಲೂ ಸಿಗಲ್ಲ ನಂಗೆ.

ಧಾರವಾಡ ನಂಗೆ ಸಿಕ್ಕಿದ್ದು ಎಂ.ಕಾಂ. ಓದಕ್ಕೆ ಹೋದಾಗ. ಪಾವಟೆ ನಗರದ ಕ್ಯಾಂಪಸ್ಸು, ಆ ಗುಡ್ಡದ ಮೇಲಿನ ಗಾಳಿ, ಜೂನ್‌ನಲ್ಲಿ ಶುರುವಾದ್ರೆ ಬಿಡದೇ ಜಿನುಗೋ ಮಳೆ, ಇದೆಲ್ಲ ಅಲ್ಲಿಗೆ ಹೋದ ಎಲ್ರಿಗೂ ಇಷ್ಟ ಆಗುತ್ತೆ, ಅದು ದೊಡ್ಡದಲ್ಲ. ನನ್ನನ್ನ ಹಿಡಿದು ಹಾಕಿದ್ದು ಸಂಗೀತ, ಅದೂ ಹಾಡೋರಿಗಿಂತ ಕೇಳೋರು. ಹಾಸ್ಟೆಲ್ ಗೆಳತಿ ಒಬ್ಳು ಒಂದು ಸಂಜೆ ಸಂಗೀತ ಕಛೇರಿಗೆ ಕರ್ಕೊಂಡು ಹೋದ್ಳು, ಟಿಕೆಟ್ ಇಲ್ಲ ಏನಿಲ್ಲ, ಜಮಖಾನೆ ಹಾಸಿದ್ರು, ಮುಂದಿನ ಸಾಲಲ್ಲಿ ವಯಸ್ಸಾದವ್ರು ಕಾಲು ಮಡಚಿ ಕೂತಿದ್ರು. ನಂಗೆ ಹಿಂದೂಸ್ತಾನಿ ಅಂದ್ರೆ ಏನೂ ಗೊತ್ತಿಲ್ಲ, ತುಮಕೂರಲ್ಲಿ ರಾಮನವಮಿ ಪೆಂಡಾಲ್‌ನಲ್ಲಿ ಕರ್ನಾಟಕ ಸಂಗೀತ ಕಿವಿಗೆ ಬಿದ್ದಿದ್ದು ಬಿಟ್ರೆ. ಗಾಯಕರು ಒಂದು ಸ್ವರದ ಹತ್ರ ಹೋಗಿ ಹೋಗಿ ಮುಟ್ಟದೇ ವಾಪಸ್ ಬರ್ತಿದ್ರು, ಕೊನೆಗೆ ಮುಟ್ಟಿದಾಗ ಮುಂದಿನ ಸಾಲಲ್ಲಿ ಒಬ್ರು ಅಜ್ಜ ‘ಹಾಂ’ ಅಂದ್ರು, ಜೋರಾಗೇನಲ್ಲ, ಆದ್ರೆ ಗಾಯಕರು ಅವ್ರ ಕಡೆ ತಿರುಗಿ ಕೈ ಎತ್ತಿದ್ರು. ಆಮೇಲೆ ಗೊತ್ತಾಯ್ತು, ಅವ್ರು ಪೋಸ್ಟಾಫೀಸಿನಲ್ಲಿದ್ದು ರಿಟೈರ್ ಆದವ್ರು, ಒಂದಿನಾನೂ ಹಾಡಿದವ್ರಲ್ಲ. ಪಕ್ಕದಲ್ಲಿ ಕೂತಿದ್ದ ನಂಗೆ ಮಧ್ಯಂತರದಲ್ಲಿ, ‘ಮೊದಲ ಸಲ ಬಂದೀಯೇನವಾ, ಏನೂ ತಿಳ್ಕೋಬ್ಯಾಡ, ಸುಮ್ನ ಕೇಳ್ಕೋತ ಹೋಗು, ತಾನಾ ತಿಳೀತದ’ ಅಂದ್ರು. ನಾನು ಹಾಗೇ ಮಾಡ್ದೆ, ಓದು ಮುಗಿಯೋವರೆಗೂ ಎಲ್ಲಿ ಹಾಡಿದ್ರೂ ಹೋಗಿ ಕೂತೆ. ತಾನಾಗೇ ಅಲ್ದಿದ್ರೂ ನಿಧಾನವಾಗಿ ತಿಳೀತಾ ಬಂತು.

ಹಾಗಾಗಿ ‘ಅಲ್ಲಿ ಹೋಗಿ ಏನ್ ಮಾಡ್ತೀಯಾ’ ಅಂತ ಕೇಳಿದ್ರೆ ನನ್ನ ಉತ್ತರ, ಕೇಳ್ತೀನಿ. ಹಾಡೋಕೆ ಕಲಿಯೋ ಆಸೆ ನಂಗಿಲ್ಲ, ಪುಸ್ತಕ ಬರೀಬೇಕು ಅಂತಾನೂ ಇಲ್ಲ. ಈ ಉತ್ತರ ಯಾರಿಗೂ ಸಾಲಲ್ಲ. ಐಎಎಸ್‌ಗೆ ಓದ್ತೀನಿ ಅಂದಿದ್ರೆ ಎಲ್ರೂ ಬ್ಯಾಗ್ ಪ್ಯಾಕ್ ಮಾಡಿಕೊಡ್ತಿದ್ರು, ಮದ್ವೆ ಆಗಿ ಹೋಗ್ತೀನಿ ಅಂದಿದ್ರಂತೂ ಕೇಳೋದೇ ಬೇಡ. ಏನಾದ್ರೂ ಆಗೋಕೆ ಹೋದ್ರೆ ಸರಿ, ಸುಮ್ನೆ ಸಂಗೀತ ಚೆನ್ನಾಗಿ ಕೇಳೋಳಾಗಿ ಬದುಕೋಕೆ ಹೋಗ್ತೀನಿ ಅಂದ್ರೆ ಅದು ಕಾರಣ ಅಂತ ಅನ್ಸಲ್ಲ ಅವ್ರಿಗೆ. ನಂಗೆ ಮಾತ್ರ ಇದಕ್ಕಿಂತ ದೊಡ್ಡ ಕಾರಣ ಬೇಕು ಅಂತ ಅನ್ಸಿಲ್ಲ.

ಇಲ್ಲಿಂದಾನೇ ಹೋಗಿ ಬರ್ಬೋದಲ್ಲ ಅನ್ನೋದು ಅಣ್ಣನ ವಾದ. ಹೋಗಿ ಬರೋದು ಈಗ ಕಷ್ಟ ಏನಲ್ಲ. ನಮ್ಮೂರ ಮಠದ ಹೆಸರಿಟ್ಕೊಂಡ ಸಿದ್ಧಗಂಗಾ ಎಕ್ಸ್‌ಪ್ರೆಸ್ಸು ಧಾರವಾಡದವರೆಗೂ ಹೋಗುತ್ತೆ, ಮಧ್ಯಾಹ್ನ ಊಟ ಮಾಡಿ ತುಮಕೂರಲ್ಲಿ ಹತ್ತಿದ್ರೆ ಅರಸೀಕೆರೆ, ಬೀರೂರು, ದಾವಣಗೆರೆ ಅಂತ ರಾತ್ರಿ ಹೊತ್ತಿಗೆ ಅಲ್ಲಿರ್ತೀನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಮ್ಮಂಥ ಹೆಣ್ಮಕ್ಕಳಿಗೆ ವೇಗದೂತ ಬಸ್ಸಲ್ಲಿ ಹುಬ್ಬಳ್ಳಿವರೆಗೂ ಟಿಕೆಟ್ ದುಡ್ಡೂ ಇಲ್ಲ. ನಾನು ಹೋಗೀನೂ ಹೋಗಿದೀನಿ. ಆದ್ರೆ ಕಛೇರಿ ಅನ್ನೋದು ನನ್ನ ರಜಾ ನೋಡ್ಕೊಂಡು ಇಡಲ್ಲ. ಧಾರವಾಡದ ದೊಡ್ಡ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತೀರ್ಕೊಂಡಿದ್ದು 1992ರ ಸೆಪ್ಟೆಂಬರ್ 12ಕ್ಕೆ, ಪ್ರತಿ ವರ್ಷ ಆ ಹೊತ್ತಿಗೆ ಧಾರವಾಡದಲ್ಲಿ ಅವ್ರ ನೆನಪಲ್ಲಿ ಹಾಡ್ತಾರೆ. ಸೆಪ್ಟೆಂಬರ್ 12 ಅಂದ್ರೆ ನಮ್ಮ ಆಫೀಸಲ್ಲಿ 11ರ ರಿಟರ್ನ್ ಮುಗಿದ ಮಾರನೇ ದಿನ, 20ರದ್ದು ಮುಂದಿದೆ, ಮೂವತ್ತಕ್ಕೆ ಆಡಿಟ್, ಟೇಬಲ್ ಮೇಲೆ ಫೈಲಿನ ಗುಡ್ಡೆ, ಮನೆಗೆ ಹೊರಡೋದು ರಾತ್ರಿ. ನಾನು ಕೆಲಸಕ್ಕೆ ಸೇರಿದ್ಮೇಲೆ ಆ ದಿನ ಒಂದ್ಸಲಾನೂ ಧಾರವಾಡದಲ್ಲಿ ಇರೋಕೆ ಆಗಿಲ್ಲ. ಮೊಬೈಲಲ್ಲಿ ರೆಕಾರ್ಡಿಂಗ್ ಹಾಕ್ಕೊಂಡು ಲೆಕ್ಕ ತಾಳೆ ನೋಡಿದೀನಿ. ರೆಕಾರ್ಡಿಂಗ್‌ನಲ್ಲಿ ಆ ಪೋಸ್ಟಾಫೀಸಿನ ಅಜ್ಜ ಇರಲ್ಲ.

ಇಷ್ಟು ಹೇಳಿದೆ ಅಂತ ತುಮಕೂರು ಬೇಜಾರು ಅಂತಲ್ಲ. ಈ ಊರನ್ನ ಬೈದು ಹೋಗೋ ಮನಸ್ಸು ನಂಗೆ ಒಂಚೂರೂ ಇಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ನಾಮದ ಚಿಲುಮೆ ಹತ್ರದ ಕಾಡು, ದೇವರಾಯನದುರ್ಗದ ಮೇಲೆ ನಿಂತ್ರೆ ಕಾಣೋ ಬೆಟ್ಟಗಳ ಸಾಲು, ಸಿದ್ಧಗಂಗೆ ಮಠದಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಮಾಡೋ ಪ್ರಾರ್ಥನೆ, ಇವೆಲ್ಲ ನಂದೇ. ಗುಬ್ಬಿ ವೀರಣ್ಣ ಹುಟ್ಟಿದ ಜಿಲ್ಲೆ ಇದು, ಕಲೆ ಇಲ್ಲಿಗೆ ಹೊಸದಲ್ಲ. ಆದ್ರೆ ಈಗಿನ ತುಮಕೂರು ಬೆಳಗಾಗೆದ್ದು ಬೆಂಗಳೂರಿಗೆ ಹೋಗೋ ಊರು. ಸ್ಟೇಷನ್‌ನಲ್ಲಿ ಕತ್ತಲಿರೋವಾಗಲೇ ಪಾಸ್‌ನವ್ರು ಸೇರ್ತಾರೆ, ಸೀಟು ಹಿಡೀತಾರೆ, ರಾತ್ರಿ ಅದೇ ರೈಲಲ್ಲಿ ತೂಕಡಿಸ್ಕೊಂಡು ಬರ್ತಾರೆ. ಒಂದು ಕಾಲದಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದಾಗ ಸೈರನ್ ಹೊಡೆದ್ರೆ ಜನ ಸೈಕಲ್ ಹತ್ತಿ ಮನೆಗೆ ಬರ್ತಿದ್ರಂತೆ, ಸಂಜೆ ಅನ್ನೋದು ಇತ್ತಂತೆ, ಅಮ್ಮ ಹೇಳ್ತಾರೆ. ಈಗ ದುಡಿಯೋ ವಯಸ್ಸಿನವ್ರ ಸಂಜೆ ಎಲ್ಲ ರೈಲಲ್ಲೇ ಕಳೀತಿದೆ. ವಸಂತನರಸಾಪುರದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗೋ ನಮ್ಮಣ್ಣನಿಗೂ ಶಿಫ್ಟು.

ಎಲ್ರೂ ಕೊಡೋ ಬುದ್ಧಿಮಾತು ಒಂದೇ, ಮೊದ್ಲು ಅಲ್ಲಿ ಕೆಲಸ ಹುಡುಕ್ಕೋ, ಆಮೇಲೆ ಹೋಗು. ನಾನೂ ಅದನ್ನೇ ಸರಿ ಅಂತ ನಂಬಿ ಹುಡುಕ್ದೆ. ಹುಬ್ಬಳ್ಳೀಲಿ ಕೆಲಸ ಇದಾವೆ, ಅದು ದೊಡ್ಡ ವ್ಯಾಪಾರದ ಊರು, ಧಾರವಾಡದಿಂದ ಚಿಗರಿ ಬಸ್ಸಲ್ಲಿ ಹೋಗ್ಬೋದು. ಮಾತಾಡಿಸಿದ ಕಡೆ ಎಲ್ಲ ಕೇಳಿದ್ದು ಬೆಳಗ್ಗೆ ಒಂಬತ್ತೂವರೆಗೆ ಬರ್ತೀರಾ, ಸೀಸನ್‌ನಲ್ಲಿ ರಾತ್ರಿ ಕೂರ್ತೀರಾ ಅಂತ, ಸಂಬಳ ಇಲ್ಲಿಗಿಂತ ಕಮ್ಮಿ. ಅವ್ರ ತಪ್ಪೇನಿಲ್ಲ, ಈ ಕೆಲಸ ಎಲ್ಲಾ ಕಡೆ ಹೀಗೇ. ಆಗ ನಂಗೆ ಹೊಳೀತು, ನಾನು ಕೆಲಸ ಸಿಕ್ಕೇ ಹೋದ್ರೆ ಧಾರವಾಡದಲ್ಲೂ ಸೆಪ್ಟೆಂಬರ್ 12ಕ್ಕೆ ಫೈಲ್ ಮುಂದೇನೇ ಕೂತಿರ್ತೀನಿ, ಒಂದೇ ವ್ಯತ್ಯಾಸ ಅಂದ್ರೆ ಕಛೇರಿ ಎರಡು ಕಿಲೋಮೀಟರ್ ಆಚೆ ನಡೀತಿರುತ್ತೆ. ಅಂದ್ರೆ ನನ್ನ ಪ್ರಶ್ನೆ ಕೆಲಸ ಇದೆಯಾ ಇಲ್ವಾ ಅನ್ನೋದಲ್ವೇ ಅಲ್ಲ. ಸಂಜೆ ನಂದಾಗಿ ಉಳಿಯೋಂಥ ದುಡಿಮೆ ಯಾವುದು ಅನ್ನೋದು.

ಆ ಮುಂದಿನ ಸಾಲಿನವ್ರನ್ನ ನೆನಪಿಸ್ಕೊಂಡು ನೋಡಿ. ಪೋಸ್ಟಾಫೀಸು, ರೈಲ್ವೆ, ಬ್ಯಾಂಕು, ಹೈಸ್ಕೂಲು, ಕೋರ್ಟು, ಯೂನಿವರ್ಸಿಟಿ ಆಫೀಸು. ಐದೂವರೆಗೆ ಮುಗಿಯೋ ಕೆಲಸಗಳು, ತಿಂಗಳ ಕೊನೇಲಿ ಸಂಬಳ, ಆಮೇಲೆ ಪೆನ್ಷನ್ನು. ಧಾರವಾಡದ ಕಿವಿ ತಯಾರಾಗಿದ್ದು ಇವ್ರ ಸಂಜೆಗಳಿಂದ ಅಂತ ನಂಗೆ ಗಟ್ಟಿಯಾಗಿ ಅನ್ಸುತ್ತೆ. ದೊಡ್ಡವ್ರ ಕತೇನೂ ಹೀಗೇ ಇದೆ. ಮನ್ಸೂರರು ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ರು. ಅವ್ರ ಮಗ ರಾಜಶೇಖರ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಅಪ್ಪನ ಹಾಡೋ ಶೈಲಿಯನ್ನ ಕೊನೇವರೆಗೂ ಕಾಪಾಡ್ಕೊಂಡು ಬಂದವ್ರು. ಬೇಂದ್ರೆಯವ್ರಿಗೇ ಧಾರವಾಡ ಬಹಳ ಕಾಲ ಅನ್ನ ಕೊಡ್ಲಿಲ್ಲ. ಒಂದು ಕವಿತೆ ಬರೆದಿದ್ದಕ್ಕೆ ಬ್ರಿಟಿಷರು ಜೈಲಿಗೆ ಹಾಕಿದ್ರು, ಮುಗದ ಅನ್ನೋ ಹಳ್ಳೀಲಿ ನಿರ್ಬಂಧದಲ್ಲಿಟ್ರು, ಮೇಷ್ಟ್ರು ಕೆಲಸ ಹೋಯ್ತು, ವರ್ಷಗಟ್ಟಲೆ ಕೆಲಸ ಇಲ್ದೇ ಸಂಸಾರ ನಡೆಸಿದ್ರು, ಕೊನೆಗೆ 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋಗಿ 1956ರವರೆಗೂ ಅಲ್ಲೇ ದುಡಿದು ಆಮೇಲೆ ವಾಪಸ್ ಬಂದ್ರು. ಸಾಧನಕೇರಿ ಅಂದ್ರೆ ಬೇಂದ್ರೆ ಅನ್ನೋಷ್ಟು ಆ ಊರು ಅವ್ರದ್ದು, ಅಂಥವ್ರೇ ಹೊಟ್ಟೆಪಾಡಿಗೆ ಹೊರಗೆ ಹೋಗ್ಬೇಕಾಯ್ತು. ಆ ಊರಿಗೆ ಬದುಕೋಕೆ ಜಾಗ ಕೊಡು ಅಂತ ಕೇಳ್ಬೋದು, ಸಂಬಳಾನೂ ನೀನೇ ಕೊಡು ಅಂತ ಕೇಳೋಕಾಗಲ್ಲ.

ಭೀಮಸೇನ ಜೋಶಿಯವ್ರ ಕತೆ ಹೇಳಿ ನಂಗೆ ಹುರುಪು ತುಂಬಿದ ಗೆಳೆಯರೂ ಇದಾರೆ. 11 ವಯಸ್ಸಿನ ಹುಡುಗ 1933ರಲ್ಲಿ ಮನೆ ಬಿಟ್ಟು, ಕೈಲಿ ದುಡ್ಡಿಲ್ದೇ ರೈಲಲ್ಲಿ ಹಾಡ್ಕೊಂಡು ಗುರು ಹುಡುಕ್ಕೊಂಡು ಹೋದ, ನೀನ್ಯಾಕೆ ಇಷ್ಟು ಲೆಕ್ಕ ಹಾಕ್ತೀಯಾ ಅಂತ. ಆ ಕತೆಯ ಉಳಿದರ್ಧ ಅವ್ರು ಹೇಳಲ್ಲ. ಗ್ವಾಲಿಯರ್, ಜಲಂಧರ್ ಅಂತ ಅಷ್ಟೆಲ್ಲ ಅಲೆದ್ಮೇಲೆ ಗುರು ಸಿಕ್ಕಿದ್ದು ಮನೆಯಿಂದ ದೂರ ಏನಿಲ್ಲದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅಲೆದಿದ್ದು ವ್ಯರ್ಥ ಅಂತಾನೂ ನಾನು ಹೇಳಲ್ಲ. ಆದ್ರೆ ಹನ್ನೊಂದು ವಯಸ್ಸಿನ ಹುಡುಗನ ಹಿಂದೆ ಬಿಪಿ ಮಾತ್ರೆ ತಗೊಳೋ ಅಮ್ಮ ಇರ್ಲಿಲ್ಲ, ನನ್ನ ಹಿಂದೆ ಇದಾರೆ.

ಧಾರವಾಡದ ಇನ್ನೊಂದು ಮುಖಾನೂ ಕಣ್ಣಾರೆ ನೋಡಿದೀನಿ. ಸಪ್ತಾಪುರದ ಕಡೆ ಹೋದ್ರೆ ಬರೀ ಕೋಚಿಂಗ್ ಸೆಂಟರ್ ಬೋರ್ಡುಗಳು, ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಯಿಂದ ಬಂದ ಹುಡುಗ್ರು ಹುಡುಗೀರು ಒಂದು ರೂಮಲ್ಲಿ ಮೂರ್ನಾಲ್ಕು ಜನ ಇರ್ತಾರೆ, ರೀಡಿಂಗ್ ರೂಮಲ್ಲಿ ತಿಂಗಳ ದುಡ್ಡು ಕಟ್ಟಿ ಒಂದು ಕುರ್ಚಿ ಹಿಡಿದಿರ್ತಾರೆ, ಊರಲ್ಲಿ ಅಪ್ಪ ಹೊಲ ಅಡ ಇಟ್ಟು ದುಡ್ಡು ಕಳಿಸ್ತಿರ್ತಾನೆ. ನೋಟಿಫಿಕೇಷನ್ ಬರಲ್ಲ, ಬಂದ್ರೆ ಪರೀಕ್ಷೆ ಮುಂದಕ್ಕೆ ಹೋಗುತ್ತೆ, ಪರೀಕ್ಷೆ ಆದ್ರೆ ಕೋರ್ಟು. ಕೆಲಸ ಇಲ್ದೇ ಧಾರವಾಡದಲ್ಲಿ ಇರೋದು ಅಂದ್ರೆ ಏನು ಅಂತ ನಂಗಿಂತ ಅವ್ರಿಗೆ ಚೆನ್ನಾಗಿ ಗೊತ್ತು. ಓದೋವಾಗ ನಮ್ಮ ಪಕ್ಕದ ಬೀದೀಲಿದ್ದ ಒಬ್ಬ ಹುಡುಗಿ ಮೊನ್ನೆ ಹೋದಾಗ್ಲೂ ಅದೇ ಬೀದೀಲಿ ಸಿಕ್ಳು, ‘ಇನ್ನೂ ಓದ್ಲಿಕ್ಕತ್ತೀನಿರಿ ಅಕ್ಕಾ’ ಅಂದ್ಳು. ಅವ್ಳ ಮುಖ ನೋಡಿದ್ಮೇಲೆ, ಕೊನೆ ಇಲ್ದಿರೋ ಕಾಯೋದು ಎಷ್ಟೇ ಇಷ್ಟದ ಊರಲ್ಲಾದ್ರೂ ಮನುಷ್ಯರನ್ನ ಹೇಗೆ ಸವೆಸುತ್ತೆ ಅಂತ ಅರ್ಥ ಆಯ್ತು. ಹೋದ್ರೆ ಒಂದು ಗಡುವು ಹಾಕ್ಕೊಂಡೇ ಹೋಗ್ಬೇಕು ಅಂತ ಅವತ್ತೇ ಗಟ್ಟಿ ಮಾಡ್ಕೊಂಡೆ.

ಆಮೇಲೆ ನಂಗೆ ಬರೋ ವಿದ್ಯೆಯನ್ನೇ ಮಾಡ್ದೆ, ಲೆಕ್ಕ ಹಾಕೋಕೆ ಕೂತೆ. ಬೆಂಗಳೂರಿಗೆ ಹೋಗಿ ಕೆಲಸ ಹುಡುಕೋದಾದ್ರೆ ಬಾಡಿಗೆ, ಅದರ ಮೇಲೆ ಹತ್ತು ತಿಂಗಳ ಅಡ್ವಾನ್ಸ್ ಅಂತ ಕೇಳೋ ರೂಢಿ, ಉಳಿಸಿದ ದುಡ್ಡು ಮೊದಲ ವಾರಾನೇ ಓನರ್ ಕೈಗೆ ಹೋಗುತ್ತೆ. ಧಾರವಾಡದಲ್ಲಿ ಅಷ್ಟೇ ದುಡ್ಡು ತುಂಬಾ ತಿಂಗಳು ಬಾಳುತ್ತೆ. ಕೆಲಸ ಇಲ್ದೇ ಹೋಗೋದಾದ್ರೆ ಸಣ್ಣ ಊರೇ ಹೆಚ್ಚು ಸುರಕ್ಷಿತ ಅನ್ನೋದು ನನ್ನ ಲೆಕ್ಕ, ಜನ ಹೇಳೋದಕ್ಕೆ ಇದು ಪೂರ್ತಿ ಉಲ್ಟಾ. ದೊಡ್ಡ ಊರಲ್ಲಿ ಕೆಲಸ ಬೇಗ ಸಿಗ್ಬೋದು, ಆದ್ರೆ ಬೇಗ ಸಿಗ್ಲೇಬೇಕು ಅನ್ನೋ ಒತ್ತಡಾನೂ ಅಲ್ಲೇ ಇರೋದು, ಆ ಒತ್ತಡದಲ್ಲಿ ಸಿಕ್ಕಿದ್ದನ್ನ ಹಿಡ್ಕೊತೀವಿ.

ಇನ್ನೊಂದು ದಾರಿ ತೋರ್ಸಿದ್ದು ಒಬ್ರು ಕೊಬ್ಬರಿ ಸಾಹುಕಾರ್ರು. ಅವ್ರ ಮಗನ ಸಣ್ಣ ಅಂಗಡಿ ಲೆಕ್ಕ ಯಾರಿಗಾದ್ರೂ ಒಪ್ಪಿಸ್ಬೇಕಿತ್ತು, ನಾನು ಊರು ಬಿಡೋ ಯೋಚ್ನೇಲಿದೀನಿ ಅಂದೆ. ‘ಅಲ್ಲಮ್ಮ, ಬಿಲ್ಲೆಲ್ಲ ಈಗ್ಲೂ ವಾಟ್ಸಾಪಲ್ಲೇ ತಾನೆ ನಿಂಗೆ ಕಳಿಸೋದು, ನೀನು ಕ್ಯಾತ್ಸಂದ್ರದಲ್ಲಿದ್ರೇನು ಧಾರವಾಡದಲ್ಲಿದ್ರೇನು’ ಅಂದ್ರು. ಅವ್ರಿಗೆ ಅದು ಸಲೀಸಾದ ಮಾತು, ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಬಿ.ಕಾಂ. ಆದವ್ರು ಜಿಎಸ್‌ಟಿ ಪ್ರಾಕ್ಟಿಷನರ್ ಅಂತ ನೋಂದಣಿ ಮಾಡಿಸ್ಕೊಂಡು ರಿಟರ್ನ್ ಹಾಕಿಕೊಡ್ಬೋದು. ವರ್ಷಕ್ಕೆ 5 ಕೋಟಿವರೆಗೆ ವಹಿವಾಟಿರೋ ಅಂಗಡಿಗಳು ಪ್ರತಿ ತಿಂಗಳ ಬದಲು ಮೂರು ತಿಂಗಳಿಗೊಂದು ರಿಟರ್ನ್ ಆರಿಸ್ಕೊಬೋದು. ಅಂಥ ಸಣ್ಣ ಅಂಗಡಿಗಳನ್ನ ಮಾತ್ರ ಇಟ್ಕೊಂಡು ಆಡಿಟ್ ಫೈಲುಗಳನ್ನ ಮುಟ್ಟದೇ ಇದ್ರೆ ಸೆಪ್ಟೆಂಬರ್ ಹೆಚ್ಚು ಕಮ್ಮಿ ಖಾಲಿ. ಆಡಿಟರ್ ಸಾರ್ ಹತ್ರ ಹೋಗಿ ನೇರವಾಗಿ ಹೇಳ್ದೆ, ನಿಮ್ಮ ಕ್ಲೈಂಟ್ ಒಬ್ರನ್ನೂ ನಾನಾಗಿ ಕರೆಯಲ್ಲ ಅಂತ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, ಸಣ್ಣ ಅಂಗಡಿಗಳದ್ದು ನಮಗೂ ಭಾರಾನೇ, ಕೆಲವನ್ನ ನಿಂಗೇ ವಹಿಸ್ತೀನಿ ಅಂದ್ರು. ಅದ್ರಿಂದ ಬರೋದು ನನ್ನ ಈಗಿನ ಸಂಬಳದ ಅರ್ಧಕ್ಕೂ ಕಮ್ಮಿ, ಬಾಡಿಗೆ ಮತ್ತೆ ಊಟಕ್ಕೆ ಹತ್ತಿರ ಹತ್ತಿರ ಆಗುತ್ತೆ, ಉಳಿದಿದ್ದು ಉಳಿತಾಯದಿಂದ. ಈ ನಂಬಿಕೆ ಎಲ್ಲ ತುಮಕೂರಲ್ಲಿ ಗಳಿಸಿದ್ದು ಅನ್ನೋದು ನಂಗೆ ಈಗ ಮನಸ್ಸಿಗೆ ಇಳೀತಿದೆ. ನಾನು ಈ ಊರನ್ನ ಬಿಟ್ಟು ಆ ಊರಿಗೆ ಹೋಗ್ತಿಲ್ಲ, ಈ ಊರು ದುಡ್ಡು ಹಾಕಿ ನನ್ನನ್ನ ಆ ಊರಿಗೆ ಕಳಿಸ್ತಿದೆ.

ಅಮ್ಮ ಕೇಳಿದ ಮೊದಲ ಪ್ರಶ್ನೆ ನೀರಿನ ಬಗ್ಗೆ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂತಾ ಇಲ್ವಾ ಅಂತ ಬೇಸಿಗೆ ಪೂರ್ತಿ ಕೇಳ್ಕೊಂಡು ಬದುಕಿದವ್ರು, ಅವ್ರಿಗೆ ಊರು ಒಳ್ಳೇದಾ ಅಂದ್ರೆ ನಲ್ಲೀಲಿ ನೀರು ಬರುತ್ತಾ ಅಂತಾನೇ ಅರ್ಥ. ಧಾರವಾಡಕ್ಕೆ ಮಲಪ್ರಭೆ ನೀರು, 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡೋ ಪ್ರಯೋಗ ಅಲ್ಲೂ ಶುರುವಾಗಿತ್ತು, ಆದ್ರೆ ಆ ವಾರ್ಡುಗಳ ಆಚೆ ದಿನಗಟ್ಟಲೆ ಕಾಯೋ ಬೀದಿಗಳೂ ಇದಾವೆ. ಹಾಗಾಗಿ ಮನೆ ನೋಡೋಕೆ ಹೋದಾಗ ಬಾಡಿಗೆಗಿಂತ ಮುಂಚೆ ನೀರಿನ ದಿನ ಕೇಳ್ದೆ. ಒಂಟಿ ಹೆಣ್ಣು ಅಂದ ತಕ್ಷಣ ಎರಡು ಮನೆಯವ್ರು ಬಾಗಿಲಲ್ಲೇ ಇಲ್ಲ ಅಂದ್ರು. ಮಾಳಮಡ್ಡೀಲಿ ಒಬ್ರು ವಯಸ್ಸಾದ ದಂಪತಿ ಮಾತ್ರ ಒಳಗೆ ಕರೆದು ಚಹಾ ಕೊಟ್ಟು, ಏನ್ ಮಾಡ್ತೀರಿ, ಯಾಕ ಬರ್ತೀರಿ ಅಂತ ಕೇಳಿದ್ರು. ಕೆಲಸ ಸ್ವಂತದ್ದು, ಬರೋದು ಗಾನ ಕೇಳಲಿಕ್ಕೆ ಅಂತ ಅಂದೆ. ಅವ್ರಿಬ್ರೂ ಮುಖ ಮುಖ ನೋಡ್ಕೊಂಡ್ರು. ಆಮೇಲೆ ಆ ಅಜ್ಜಿ, ‘ಹಂಗಾರ ನಮ್ ಜೋಡೀನ ಹೋಗ್ಲಿಕ್ಕೆ ಬರ್ತದಲ್ರಿ, ಇವ್ರಿಗೆ ರಾತ್ರಿ ಆಟೋ ಸಿಗೂದಿಲ್ಲಂತ ಒಬ್ರನ್ನ ಕಳ್ಸೂದಿಲ್ಲ ನಾ’ ಅಂದ್ರು. ಸಂಗೀತ ಕೇಳೋಕೆ ಬರ್ತೀನಿ ಅನ್ನೋದು ಕಾರಣ ಅಂತ ಯಾವ ವಿವರಣೆ ಇಲ್ದೇ ಒಪ್ಕೊಂಡ ಮೊದಲ ಮನೆ ಅದು.

ಭಯ ಹೋಗಿಲ್ಲ. ಹೋಗಿ ಬರೋವಾಗ ಕಾಣೋ ಊರು ಬೇರೆ, ಅಲ್ಲೇ ಇದ್ದು ಗ್ಯಾಸ್ ಬುಕ್ ಮಾಡಿ, ಜ್ವರ ಬಂದಾಗ ಒಬ್ಳೇ ಡಾಕ್ಟರ್ ಹತ್ರ ಹೋಗೋ ಊರು ಬೇರೆ ಅನ್ನೋದು ಗೊತ್ತು. ಧಾರವಾಡ ನಂಗೆ ಮಾಮೂಲಿ ಊರಾಗಿಬಿಡ್ಬೋದು. ಆಗ್ಲಿ ಅನ್ಸುತ್ತೆ, ಆ ಪೋಸ್ಟಾಫೀಸಿನ ಅಜ್ಜನಿಗೂ ಅದು ಮಾಮೂಲಿ ಊರೇ ಆಗಿತ್ತು, ಕೊಡೆ ಹಿಡ್ಕೊಂಡು ಸುಭಾಸ್ ರೋಡಲ್ಲಿ ತರಕಾರಿ ತಗೊಂಡು ಹಾಗೇ ಕಛೇರಿಗೆ ಬಂದು ಕೂತ್ಕೊತಿದ್ರು. ನನಗೆ ಬೇಕಿರೋದೂ ಅಷ್ಟೇ, ವಿಶೇಷ ದಿನ ಅಂತ ರಜಾ ಹಾಕಿ ಹೋಗದೇ, ಮಂಗಳವಾರ ಸಂಜೆ ಸುಮ್ನೆ ಚಪ್ಪಲಿ ಹಾಕ್ಕೊಂಡು ಹೋಗಿ ಕೇಳಿ ಬರೋದು. ನಂಗೆ ಜಾಸ್ತಿ ಕಾಡೋದು ಅಮ್ಮ. ಅಣ್ಣ ಅತ್ತಿಗೆ ಜೊತೆಗಿದಾರೆ, ಆದ್ರೂ ರಾತ್ರಿ ಮಾತ್ರೆ ತಗೊಂಡ್ರಾ ಅಂತ ಕೇಳೋದು ನಾನೇ. ಅದನ್ನ ಫೋನಲ್ಲಿ ಕೇಳೋದು ಅದೇ ಅಲ್ಲ, ಅಮ್ಮನೂ ಅದನ್ನೇ ಅಂದ್ರು, ಆದ್ರೆ ಹೋಗ್ಬೇಡ ಅನ್ಲಿಲ್ಲ. ‘ವಯಸ್ಸಲ್ಲಿ ನಂಗೂ ಒಂದೂರು ಇಷ್ಟ ಇತ್ತು’ ಅಂದ್ರು, ಯಾವ ಊರು ಅಂತ ಕೇಳಿದ್ರೆ ಹೇಳ್ಲಿಲ್ಲ, ಎದ್ದು ಹೋಗಿ ಹಾಲು ಕಾಯಿಸಿದ್ರು.

ತೀರ್ಮಾನ ಇಷ್ಟು. ಈ ಸೆಪ್ಟೆಂಬರ್ 30ರ ಆಡಿಟ್ ಪೂರ್ತಿ ಮುಗಿಸಿಕೊಟ್ಟು, ಅಕ್ಟೋಬರ್‌ನಲ್ಲಿ ಹೊಸಬರಿಗೆ ಫೈಲ್ ಒಪ್ಪಿಸಿ, ದೀಪಾವಳಿ ಮನೇಲೇ ಮಾಡಿ ಹೊರಡ್ತೀನಿ. ಅಮ್ಮನ ಹೆಸರಲ್ಲಿರೋ ಡೆಪಾಸಿಟ್ ಮುಟ್ಟಲ್ಲ. ನನ್ನ ಉಳಿತಾಯದಲ್ಲಿ ಒಂದು ಗೆರೆ ಎಳೆದಿದೀನಿ, ಅದ್ರ ಕೆಳಗೆ ಇಳಿದ್ರೆ, ಎಂಥ ಕಛೇರಿ ಮುಂದಿನ ವಾರ ಇದ್ರೂ ತುಮಕೂರಿಗೆ ವಾಪಸ್ ಬಂದು ಕೆಲಸಕ್ಕೆ ಸೇರ್ಕೊತೀನಿ, ಅಣ್ಣನಿಗೆ ಆ ಮೊತ್ತ ಬರೆದು ಕೊಟ್ಟಿದೀನಿ. ಸಾಲ ಮಾಡಲ್ಲ. ತಿಂಗಳಿಗೊಂದ್ಸಲ ಊರಿಗೆ ಬರ್ತೀನಿ, ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ನಂದೇ ಕೆಲಸ. ವರ್ಷ ತುಂಬಿದ್ಮೇಲೆ ಅಲ್ಲಿ ಇನ್ನೂ ಒಂದಿಷ್ಟು ಅಂಗಡಿ ಲೆಕ್ಕ ಸಿಕ್ಕಿ ಖರ್ಚು ತಾಳೆ ಆಗ್ತಿದ್ರೆ ಇರ್ತೀನಿ. ಮಾಳಮಡ್ಡಿ ಮನೆಯವ್ರಿಗೆ ನಾಳೆ ಬೆಳಗ್ಗೆ ಫೋನ್ ಮಾಡಿ ಅಡ್ವಾನ್ಸ್ ಕಳಿಸ್ಬೇಕು.